ಆಕ್ಸೆಸ್ ಕ್ವೆರಿ: ಒಂದು ತಾಲೂಕು ಕೇಳಿದರೆ ಇಡೀ ಜಿಲ್ಲೆ ಬರುತ್ತಿದೆ

ಕೆಂಪುಹನಿ:

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಓದಿದವನಲ್ಲ, ಸಾಗರದಲ್ಲಿ ಅಂಗಡಿ ಇಟ್ಟುಕೊಂಡಿದ್ದೇನೆ. ನಾಲ್ಕೈದು ಗೆಳೆಯರು ಸೇರಿ ರಕ್ತದಾನಿಗಳ ಪಟ್ಟಿ ಮಾಡಿದ್ದೇವೆ. ಮೊದಲು ನೋಟ್‌ಬುಕ್ಕಿನಲ್ಲಿತ್ತು, ಆಮೇಲೆ ಎಕ್ಸೆಲ್, ಈಗ ಮೈಕ್ರೋಸಾಫ್ಟ್ ಆಕ್ಸೆಸ್. ಸುಮಾರು 400 ಹೆಸರುಗಳಿವೆ. ಕಾಲಂಗಳು ಇಷ್ಟೇ: ಹೆಸರು, ಲಿಂಗ, ಗುಂಪು, ತಾಲೂಕು, ಫೋನ್, ಕೊನೆಯ_ದಾನ.

ಮೊನ್ನೆ ರಾತ್ರಿ ಒಬ್ಬರಿಗೆ ಬಿ ನೆಗೆಟಿವ್ ಬೇಕಿತ್ತು. ಅವರಿಗೆ ಓ ನೆಗೆಟಿವ್ ಕೂಡ ಆಗುತ್ತದೆ ಅಲ್ವಾ, ಹಾಗಾಗಿ ಎರಡನ್ನೂ ಕೇಳಿದೆ. ಕ್ವೆರಿಯ (ಟೇಬಲ್ಲಿನಿಂದ ಬೇಕಾದ ಸಾಲುಗಳನ್ನು ಆರಿಸುವ ಪ್ರಶ್ನೆ) ಡಿಸೈನ್ ವ್ಯೂನಲ್ಲಿ, ಅಂದರೆ ಷರತ್ತು ತುಂಬುವ ಚೌಕಗಳಲ್ಲಿ, ಹಾಕಿದ್ದು ಹೀಗೆ (ಡೇಟ್() ಎಂದರೆ ಇವತ್ತಿನ ತಾರೀಕು):

ಕ್ರೈಟೀರಿಯಾ ಸಾಲು → ಗುಂಪು: "ಬಿ ನೆಗೆಟಿವ್" | ತಾಲೂಕು: "ಸಾಗರ" | ಕೊನೆಯ_ದಾನ: <=ಡೇಟ್()-90
ಆರ್ ಸಾಲು → ಗುಂಪು: "ಓ ನೆಗೆಟಿವ್" | ಖಾಲಿ | ಖಾಲಿ

ಬಿ ನೆಗೆಟಿವ್ ಇಬ್ಬರು ಬಂದರು, ಇಬ್ಬರೂ ಸಾಗರದವರೇ. ಓ ನೆಗೆಟಿವ್ ನೋಡಿದರೆ ಹೊಸನಗರ, ಸೊರಬ, ತೀರ್ಥಹಳ್ಳಿ ಎಲ್ಲ ಕಡೆಯವರೂ ಇದ್ದಾರೆ. ಅವಸರದಲ್ಲಿ ನೋಡದೆ ಒಬ್ಬರಿಗೆ ಫೋನ್ ಹಚ್ಚಿದೆ. ತೀರ್ಥಹಳ್ಳಿಯವರು. "ಹೋದ ವಾರ ಕೊಟ್ಟಿದ್ದೇನಲ್ಲ ಮಾರಾಯ" ಎಂದರು. ಟೇಬಲ್ಲಿನಲ್ಲಿ ಆ ತಾರೀಕು ಸರಿಯಾಗೇ ಇದೆ. 90 ದಿನ ಎಂದು ಬರೆದಿದ್ದರೂ ಇದು ಯಾಕೆ ಕೇಳುತ್ತಿಲ್ಲ?

ಗುಂಡುಪಿನ್:

ಸರ್, 400 ಹೆಸರಿಗೆ ಆಕ್ಸೆಸ್ ಯಾಕೆ? ಎಕ್ಸೆಲ್‌ನಲ್ಲೇ ಫಿಲ್ಟರ್ ಹಾಕಿಕೊಳ್ಳಿ. ಸುಮ್ನೆ ತಲೆಬಿಸಿ.

ಹಳೇ_ಡಿಬಿಎ:

ಗುಂಡುಪಿನ್ ಅವರೇ, ರಾತ್ರಿ ಹನ್ನೊಂದಕ್ಕೆ ಫೋನ್ ಬಂದಾಗ ಮೂರು ಕಾಲಮ್ಮಿಗೆ ಫಿಲ್ಟರ್ ಹಾಕುತ್ತಾ ಕೂರುವುದಕ್ಕಿಂತ ಉಳಿಸಿಟ್ಟ ಕ್ವೆರಿ ಒತ್ತುವುದೇ ವಾಸಿ. ಅವರು ಆಕ್ಸೆಸ್‌ನಲ್ಲೇ ಇರಲಿ ಬಿಡಿ.

ಕೆಂಪುಹನಿ ಸರ್, ಆಕ್ಸೆಸ್ ನೀವು ಹೇಳಿದ್ದನ್ನೇ ಮಾಡಿದೆ. ಆ ಗ್ರಿಡ್ಡಿನಲ್ಲಿ ಅಡ್ಡಕ್ಕೆ ಬರೆದದ್ದೆಲ್ಲ 'ಮತ್ತು'. ಕೆಳಗಿನ ಸಾಲಿಗೆ ಇಳಿದರೆ 'ಅಥವಾ'. ಕೆಳಗಿನ ಸಾಲಿಗೆ ಮೇಲಿನ ಸಾಲಿನಲ್ಲಿ ಏನಿದೆ ಎಂಬುದು ಗೊತ್ತೇ ಇರುವುದಿಲ್ಲ. ನಿಮ್ಮ ಎರಡನೇ ಸಾಲು ಕೇಳುತ್ತಿರುವುದು "ಓ ನೆಗೆಟಿವ್ ಆಗಿದ್ದರೆ ಸಾಕು" ಎಂದು. ತಾಲೂಕೂ ಇಲ್ಲ, ತಾರೀಕೂ ಇಲ್ಲ. ಯಕ್ಷಗಾನದ ಟೆಂಟಿಗೆ ಎರಡು ಗೇಟು ಇಟ್ಟು, ಒಂದರಲ್ಲಿ ಮಾತ್ರ ಟಿಕೆಟ್ ನೋಡಿದ ಹಾಗೆ.

ಎಸ್‌ಕ್ಯೂಎಲ್ ವ್ಯೂ (ಅದೇ ಕ್ವೆರಿಯ ಬರಹರೂಪ) ತೆರೆದರೆ ಇದು ಕಣ್ಣಿಗೇ ಕಾಣುತ್ತದೆ:

ವೇರ್ ([ಗುಂಪು]="ಬಿ ನೆಗೆಟಿವ್" ಆಂಡ್ [ತಾಲೂಕು]="ಸಾಗರ" ಆಂಡ್ [ಕೊನೆಯ_ದಾನ]<=ಡೇಟ್()-90) ಆರ್ ([ಗುಂಪು]="ಓ ನೆಗೆಟಿವ್")

(ವೇರ್, ಆಂಡ್, ಆರ್, ಡೇಟ್ ಇವನ್ನೆಲ್ಲ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಕಾಲಂ ಹೆಸರು ಕನ್ನಡದಲ್ಲಿದ್ದರೆ ತೊಂದರೆ ಇಲ್ಲ.)

ತಾಲೂಕು, ತಾರೀಕು ಎರಡನ್ನೂ ಕೆಳಗಿನ ಸಾಲಿನಲ್ಲಿ ಇನ್ನೊಮ್ಮೆ ಬರೆದರೆ ಸರಿಹೋಗುತ್ತದೆ. ಆದರೆ ನಾಳೆ 90 ಅನ್ನು ಬದಲಿಸುವಾಗ ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆಯುತ್ತೀರಿ. ನಾನಾದರೆ ಆರ್ ಸಾಲನ್ನು ಪೂರ್ತಿ ಅಳಿಸಿ, ಗುಂಪಿನ ಚೌಕದಲ್ಲಿ ಇಷ್ಟು ಬರೆಯುತ್ತೇನೆ (ಇನ್ ಎಂದರೆ 'ಇವುಗಳಲ್ಲಿ ಯಾವುದಾದರೂ'):

ಇನ್ ("ಬಿ ನೆಗೆಟಿವ್","ಓ ನೆಗೆಟಿವ್")

ಕೆಂಪುಹನಿ:

ಆಯ್ತು ಸರ್! ಈಗ ಸಾಗರದವರು ಮಾತ್ರ ಬರುತ್ತಿದ್ದಾರೆ. ಆದರೆ ಮೂರೇ ಜನ. ನನ್ನ ಹೆಂಡತಿಯ ತಮ್ಮ ಓ ನೆಗೆಟಿವ್, ಇದೇ ಊರು, ಅವನೇ ಬಂದಿಲ್ಲ. ಅವನ ಸಾಲಿನಲ್ಲಿ ಎಲ್ಲ ಸರಿಯಾಗಿದೆ. ಅವನು ಇದುವರೆಗೆ ಕೊಟ್ಟಿಲ್ಲವಾದ್ದರಿಂದ ಕೊನೆಯ_ದಾನ ಖಾಲಿ ಇದೆ, ಅಷ್ಟೆ.

ಹಳೇ_ಡಿಬಿಎ:

ಆ 'ಅಷ್ಟೆ'ಯಲ್ಲೇ ಇದೆ ಸಮಸ್ಯೆ. ಖಾಲಿ ಚೌಕಕ್ಕೆ ಡೇಟಾಬೇಸ್‌ನಲ್ಲಿ ನಲ್ ಎನ್ನುತ್ತಾರೆ. ಅದು ಸೊನ್ನೆಯೂ ಅಲ್ಲ, ಹಳೇ ತಾರೀಕೂ ಅಲ್ಲ, 'ಗೊತ್ತಿಲ್ಲ' ಎಂದರ್ಥ. ಗೊತ್ತಿಲ್ಲದ ತಾರೀಕು 90 ದಿನಕ್ಕಿಂತ ಹಿಂದಿನದೇ ಎಂದು ಕೇಳಿದರೆ ಉತ್ತರವೂ 'ಗೊತ್ತಿಲ್ಲ'. ಉತ್ತರ ಖಡಾಖಂಡಿತ 'ಹೌದು' ಇದ್ದ ಸಾಲುಗಳನ್ನು ಮಾತ್ರ ಕ್ವೆರಿ ಒಳಗೆ ಬಿಡುತ್ತದೆ. ಅಂದರೆ ನಿಮ್ಮ ಪಟ್ಟಿಯಲ್ಲಿ ಕೊಡಲು ಅಡ್ಡಿಯೇ ಇಲ್ಲದ ಹೊಸಬರೆಲ್ಲ ಹೊರಗೆ ಉಳಿದಿದ್ದಾರೆ.

ತಾರೀಕಿನ ಚೌಕದಲ್ಲಿ ಹೀಗೆ ಮಾಡಿ:

<=ಡೇಟ್()-90 ಆರ್ ಈಸ್ ನಲ್

ಒಂದೇ ಚೌಕದಲ್ಲಿ, ಗಮನಿಸಿ. ಈಸ್ ನಲ್ ಅನ್ನು ಕೆಳಗಿನ ಸಾಲಿಗೆ ಹಾಕಿದರೆ ಮತ್ತೆ ಜಿಲ್ಲೆಯಲ್ಲಿ ತಾರೀಕು ಖಾಲಿ ಇರುವವರೆಲ್ಲ ಬರುತ್ತಾರೆ, ಅದೂ ಎಲ್ಲ ಗುಂಪಿನವರು.

ಇನ್ನೊಂದು ಮಾತು. ಖಾಲಿ ಇರುವವರಲ್ಲಿ ಕೆಲವರು ಕೊಟ್ಟೇ ಇಲ್ಲದವರು, ಕೆಲವರ ತಾರೀಕು ಬರೆಯುವುದೇ ಬಿಟ್ಟುಹೋಗಿರಬಹುದು. ಕ್ವೆರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಫೋನ್ ಮಾಡಿದಾಗ ನೀವೇ ಕೇಳಬೇಕು.

ಲ್ಯಾಬ್_ಅಕ್ಕ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಿಲ್ಲ ತಾನೇ. ನಮ್ಮ ದೇಶದ ನಿಯಮದಲ್ಲಿ ಒಂದು ದಾನದಿಂದ ಇನ್ನೊಂದಕ್ಕೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಕಳೆಯಬೇಕು. ನೀವು ಹೆಂಗಸರನ್ನೂ 90ಕ್ಕೇ ಕರೆಯುತ್ತಿದ್ದೀರಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ. ಹಿಮೋಗ್ಲೋಬಿನ್ 12.5 ಇದೆಯಾ ಎಂದು ಹೇಗೂ ರಕ್ತನಿಧಿಯಲ್ಲಿ ನೋಡುತ್ತಾರೆ, ಅದನ್ನು ಟೇಬಲ್ಲಿಗೆ ತರಬೇಡಿ, ದಿನದಿನಕ್ಕೆ ಬದಲಾಗುತ್ತದೆ.

ಹಳೇ_ಡಿಬಿಎ:

ಒಳ್ಳೆಯದಾಯಿತು ಅಕ್ಕ, ನನಗೆ ಇದು ಹೊಳೆದಿರಲಿಲ್ಲ. ಹಾಗಾದರೆ ಚೌಕ ಹೀಗಾಗುತ್ತದೆ (ಐಐಎಫ್ ಎಂದರೆ ಷರತ್ತು ನಿಜವಾದರೆ ಮೊದಲ ಸಂಖ್ಯೆ, ಇಲ್ಲವಾದರೆ ಎರಡನೆಯದು):

<=ಡೇಟ್()-ಐಐಎಫ್([ಲಿಂಗ]="ಹೆಣ್ಣು",120,90) ಆರ್ ಈಸ್ ನಲ್

ಓಡಿಸಿದಾಗ 'ಎಂಟರ್ ಪ್ಯಾರಾಮೀಟರ್ ವ್ಯಾಲ್ಯೂ' ಎಂಬ ಪೆಟ್ಟಿಗೆ ಬಂದರೆ ಕಾಲಂ ಹೆಸರನ್ನು ತಪ್ಪಾಗಿ ಬರೆದಿದ್ದೀರಿ ಎಂದರ್ಥ. ಆಕ್ಸೆಸ್‌ಗೆ ಗೊತ್ತಿಲ್ಲದ ಹೆಸರು ಸಿಕ್ಕರೆ ನಿಮ್ಮನ್ನೇ ಕೇಳುತ್ತದೆ. ಅದೇ ಗುಣವನ್ನು ಬೇಕೆಂದೇ ಬಳಸಿಕೊಳ್ಳಲೂಬಹುದು: ತಾಲೂಕಿನ ಚೌಕದಲ್ಲಿ "ಸಾಗರ" ತೆಗೆದು [ಯಾವ ತಾಲೂಕು?] ಎಂದು ಬರೆಯಿರಿ. ಪ್ರತಿ ಸಲ ಕೇಳುತ್ತದೆ, ಕ್ವೆರಿ ಮುಟ್ಟುವ ಕೆಲಸವಿಲ್ಲ.

ವಯಸ್ಸಿನ ಕಾಲಂ ಸೇರಿಸುವುದಾದರೆ ವಯಸ್ಸು ಬರೆಯಬೇಡಿ, ಹುಟ್ಟಿದ ತಾರೀಕು ಬರೆಯಿರಿ. ಎಸ್‌ಕ್ಯೂಎಲ್ ವ್ಯೂನಲ್ಲಿ ತಾರೀಕನ್ನು ಕೈಯಾರೆ ಹಾಕುವಾಗ ತಿಂಗಳು ಮೊದಲು, ದಿನ ಆಮೇಲೆ. #05/03/2025# ಎಂದರೆ ಅದಕ್ಕೆ ಮೇ 3, ನಮ್ಮ ಮಾರ್ಚ್ 5 ಅಲ್ಲ. 25/03 ಎಂದು ಹಾಕಿದರೆ 25ನೇ ತಿಂಗಳು ಇಲ್ಲವಲ್ಲ, ತಾನೇ ತಿರುಗಿಸಿಕೊಂಡು ಸರಿಯಾಗಿ ಓದುತ್ತದೆ. ಹಾಗಾಗಿ ಈ ತಪ್ಪು ತಿಂಗಳ ಮೊದಲ 12 ದಿನ ಮಾತ್ರ ಕಾಡುತ್ತದೆ. ಒಮ್ಮೆ ಇದರ ಹಿಂದೆ ಬಿದ್ದು ಎರಡು ದಿನ ಕಳೆದಿದ್ದೇನೆ.

ಕೆಂಪುಹನಿ:

ಭಾಮೈದ ಬಂದ! ಒಟ್ಟು ಏಳು ಜನ. ಆದರೆ ಅದರಲ್ಲಿ ನಮ್ಮ ಬೀದಿಯ ಟೀಚರೂ ಇದ್ದಾರೆ, ಅವರು ಕೊಟ್ಟು ಇನ್ನೂ 100 ದಿನ. ಲಿಂಗದ ಕಾಲಂ ನೋಡಿದರೆ ಅವರಿಗೆ 'ಸ್ತ್ರೀ' ಎಂದಿದೆ. ನಾವು ನಾಲ್ಕು ಜನ ನಾಲ್ಕು ಥರ ಟೈಪ್ ಮಾಡಿದ್ದೇವೆ.

ಹಳೇ_ಡಿಬಿಎ:

ತಪ್ಪು ನನ್ನದೂ ಇದೆ. 'ಹೆಣ್ಣು' ಅಲ್ಲದ್ದೆಲ್ಲ 90ಕ್ಕೆ ಬೀಳುವ ಹಾಗೆ ಬರೆದೆ. ತಿರುಗಿಸಿ:

ಐಐಎಫ್([ಲಿಂಗ]="ಗಂಡು",90,120)

ಈಗ 'ಸ್ತ್ರೀ', 'ಮಹಿಳೆ', ಖಾಲಿ ಎಲ್ಲವೂ 120ಕ್ಕೆ ಹೋಗುತ್ತವೆ. 'ಪುರುಷ' ಎಂದು ಬರೆದವರೂ ಹೋಗುತ್ತಾರೆ, ಅವರನ್ನು ಒಂದು ತಿಂಗಳು ತಡವಾಗಿ ಕರೆದರೆ ಯಾರಿಗೂ ಅಪಾಯವಿಲ್ಲ. ಲಿಂಗದ ಕಾಲಮ್ಮಿನ ಮೇಲೆ ಒಂದು ಟೋಟಲ್ಸ್ ಕ್ವೆರಿ ಹಾಕಿ, ಗ್ರೂಪ್ ಬೈ (ಒಂದೇ ಥರ ಬರೆದವನ್ನು ಒಟ್ಟು ಸೇರಿಸುವ ಆಯ್ಕೆ) ಕೊಡಿ. ಎಷ್ಟು ಥರ ಬರೆದಿದ್ದೀರಿ ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಕೆಂಪುಹನಿ:

ಹಾಕಿದೆ ಸರ್. ಎಂಟು ಥರ. ಒಂದು ಕಡೆ ಲಿಂಗದ ಜಾಗದಲ್ಲಿ ಫೋನ್ ನಂಬರ್ ಇದೆ. ಅಂಗಡಿ ಬಾಗಿಲು ಹಾಕಿ ಕೂತಿದ್ದೇನೆ, ತಿದ್ದುತ್ತಾ.