ಹಯಬುಸಾ: 197ರಿಂದ 190 ಪಿಎಸ್‌ಗೆ ಇಳಿದದ್ದು ಹಿನ್ನಡೆಯೇ?

ಪ್ರಶ್ನೆ (ವಿಜಯಪುರದಿಂದ)

ಎಲ್ಲರಿಗೂ ನಮಸ್ಕಾರ. ಸುಜುಕಿ ಕಂಪನಿಯ ಹಯಬುಸಾ ಬೈಕು 1999ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ 1299 ಸಿ.ಸಿ. ಎಂಜಿನ್ 175 ಪಿಎಸ್ (ಅಶ್ವಶಕ್ತಿಯ ಅಳತೆ) ಕೊಡುತ್ತಿತ್ತು. 2008ರ ಎರಡನೇ ತಲೆಮಾರಿನಲ್ಲಿ ಎಂಜಿನ್ 1340 ಸಿ.ಸಿ.ಗೆ ಬೆಳೆದು ಶಕ್ತಿ 197 ಪಿಎಸ್‌ಗೆ ಏರಿತು. 2021ರ ಮೂರನೇ ತಲೆಮಾರಿನಲ್ಲಿ ಮಾತ್ರ, ಎಂಜಿನ್ ಗಾತ್ರ ಅಷ್ಟೇ ಇದ್ದರೂ ಶಕ್ತಿ 190ಕ್ಕೆ ಇಳಿದಿದೆ. ಇಷ್ಟು ವರ್ಷ ಕಾಯಿಸಿ ಕಂಪನಿ ಶಕ್ತಿಯನ್ನು ಕಡಿಮೆ ಮಾಡಿದ್ದೇಕೆ? ಎರಡನೇ ತಲೆಮಾರಿನ ಹಳೆಯ ಬೈಕೊಂದನ್ನು ಕೊಳ್ಳುವ ವಿಚಾರದಲ್ಲಿರುವುದರಿಂದ ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ನನ್ನ ಓಡಾಟ ಹೆಚ್ಚಾಗಿ ಸೊಲ್ಲಾಪುರ ಮತ್ತು ಹುಬ್ಬಳ್ಳಿಯ ಕಡೆಗೆ.

ಉತ್ತರ 1 (ಬೆಳಗಾವಿ, ಉದ್ಯಮಬಾಗ)

ಸರ್, ನಾನು ಮಷಿನ್ ಶಾಪಿನಲ್ಲಿ ಕೆಲಸ ಮಾಡುವವನು, ಆದ್ದರಿಂದ ಅಳತೆಗಳಿಂದಲೇ ಆರಂಭಿಸುತ್ತೇನೆ. ಮೊದಲ ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 63 ಮಿ.ಮೀ. 2008ರಲ್ಲಿ ಬೋರನ್ನು ಮುಟ್ಟದೆ ಸ್ಟ್ರೋಕನ್ನು ಮಾತ್ರ 65ಕ್ಕೆ ಏರಿಸಿದರು. ಪಿಸ್ಟನ್ನಿನ ರಾಡ್ ಕೂರುವ ಕ್ರ್ಯಾಂಕ್‌ಪಿನ್ ಕೇಂದ್ರದಿಂದ 1 ಮಿ.ಮೀ. ಹೊರಗೆ ಸರಿದರೆ ಸ್ಟ್ರೋಕ್ 2 ಮಿ.ಮೀ. ಬೆಳೆಯುತ್ತದೆ, ನಾಲ್ಕು ಸಿಲಿಂಡರುಗಳಲ್ಲಿ ಸೇರಿ ಸುಮಾರು 41 ಸಿ.ಸಿ. ಹೆಚ್ಚಾದದ್ದು ಆ ಒಂದು ಮಿಲಿಮೀಟರಿನಿಂದ. ಹಳೆಯ ಎಂಜಿನ್ 9800 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಗರಿಷ್ಠ ಶಕ್ತಿ ಕೊಟ್ಟರೆ ಹೊಸದು 9500ರಲ್ಲೇ ಕೊಟ್ಟಿತು. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 20.6 ಮೀಟರ್ ಬರುತ್ತದೆ. ಅಂದರೆ ಶಕ್ತಿ ಏರಿದರೂ ಪಿಸ್ಟನ್ ಮೊದಲಿಗಿಂತ ವೇಗವಾಗಿ ಓಡಬೇಕಾಗಲಿಲ್ಲ. ನನ್ನ ಮಟ್ಟಿಗೆ ಈ ಬೈಕಿನ ಇತಿಹಾಸದಲ್ಲೇ ಅತ್ಯಂತ ಸೊಗಸಾದ ಕೆಲಸ ಇದು. ಜೊತೆಗೆ ಕಂಪ್ರೆಷನ್ ಅನುಪಾತ 11ರಿಂದ 12.5ಕ್ಕೆ ಏರಿತು ಮತ್ತು ಟೈಟೇನಿಯಂ ವಾಲ್ವುಗಳು ಬಂದವು.

ಇನ್ನು ಗರಿಷ್ಠ ವೇಗದ ಪ್ರಶ್ನೆ 1999ರಲ್ಲೇ ತೀರಿಹೋಗಿತ್ತು. ಹೋಂಡಾ ಬ್ಲ್ಯಾಕ್‌ಬರ್ಡ್ ಬೈಕನ್ನು ಹಿಂದಿಕ್ಕಿ ಇದು ಗಂಟೆಗೆ 312 ಕಿ.ಮೀ. ಮುಟ್ಟಿತು. ಇಂಥ ಬೈಕುಗಳನ್ನು ಯುರೋಪಿನಲ್ಲಿ ನಿಷೇಧಿಸಬಹುದೆಂಬ ಆತಂಕ ಹುಟ್ಟಿದ್ದರಿಂದ ತಯಾರಕರು ತಾವಾಗಿಯೇ ಸುಮಾರು 299 ಕಿ.ಮೀ.ಗೆ ಮಿತಿ ಹಾಕಿಕೊಂಡರು. ಆ ಮೇಲೆ ಹೆಚ್ಚಿದ ಶಕ್ತಿಯೆಲ್ಲ ವೇಗ ಏರುವ ಚುರುಕಿಗೆ ಬಂತೇ ಹೊರತು ಕೊನೆಯ ವೇಗಕ್ಕಲ್ಲ.

ಉತ್ತರ 2 (ಬಾಗಲಕೋಟೆಯಿಂದ)

ಮೇಲಿನ ಉತ್ತರಕ್ಕೆ ಹೊಗೆಯ ನಿಯಮದ ವಿಚಾರವನ್ನು ಸೇರಿಸುವುದು ಅಗತ್ಯ. ಯುರೋಪಿನಲ್ಲಿ ಯುರೋ 4 ಎಂಬ ಹೊಗೆ ನಿಯಮದ ಕಾರಣದಿಂದ ಎರಡನೇ ತಲೆಮಾರಿನ ಮಾರಾಟ 2018ರ ಕೊನೆಗೆ ನಿಂತಿತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಅಂಥದ್ದೇ ಬಿಎಸ್ 6 ನಿಯಮ ಬಂತು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವುಗಳು ಒಟ್ಟಿಗೆ ತೆರೆದಿರುವ ಅವಧಿ ಹೆಚ್ಚಿದ್ದರೆ ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಸಿಗುತ್ತದೆ, ಆದರೆ ಉರಿಯದ ಪೆಟ್ರೋಲು ಹೊಗೆಯೊಂದಿಗೆ ಹೊರಬೀಳುತ್ತದೆ. 2021ರಲ್ಲಿ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಗಳ ಆಕಾರ ಬದಲಿಸಿ ಆ ಅವಧಿಯನ್ನು ತಗ್ಗಿಸಿದರು. ಗರಿಷ್ಠ ಟಾರ್ಕ್ (ತಿರುಗಿಸುವ ಬಲ) 155ರಿಂದ 150 ನ್ಯೂಟನ್ ಮೀಟರಿಗೆ ಇಳಿದರೂ ಕೆಳಗಿನ ಮತ್ತು ನಡುವಿನ ಆರ್‌ಪಿಎಂನಲ್ಲಿ ಎಳೆತ ಹೆಚ್ಚಿತು, ಮತ್ತು ರಸ್ತೆಯಲ್ಲಿ ದಿನವೂ ಬಳಕೆಗೆ ಬರುವುದು ಆ ಭಾಗವೇ. ಹಾಗಾಗಿ ಇದನ್ನು ಹಿನ್ನಡೆ ಎನ್ನಲು ನಾನು ಒಪ್ಪುವುದಿಲ್ಲ.

ಬೈಕು ಎಷ್ಟು ವಾಲಿದೆ ಎಂಬುದನ್ನು ಅಳೆಯುವ ಸೆನ್ಸರ್, ಚಕ್ರ ಜಾರದಂತೆ ತಡೆಯುವ ಹತ್ತು ಹಂತದ ಟ್ರ್ಯಾಕ್ಷನ್ ಕಂಟ್ರೋಲ್, ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಕ್ವಿಕ್‌ಶಿಫ್ಟರ್, ವೇಗವನ್ನು ಒಂದೇ ಸಮ ಕಾಯುವ ಕ್ರೂಸ್ ಕಂಟ್ರೋಲ್ ಇವೆಲ್ಲ ಮೂರನೇ ತಲೆಮಾರಿನ ಕೊಡುಗೆ. ಅದರೊಳಗೂ ಮುಳ್ಳಿನ ಮೀಟರುಗಳನ್ನು ತೆಗೆಯದೆ ಉಳಿಸಿಕೊಂಡದ್ದು ನನಗೆ ಬಹಳ ಹಿಡಿಸಿತು.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ನಾನು ನೋಡಿರುವ ಬೈಕು 2011ರದು. ಬೆಲೆ ಹೊಂದುತ್ತದೆ, ಎಂಜಿನ್ ಸದ್ದು ಕೂಡ ಚೆನ್ನಾಗಿದೆ.

ಉತ್ತರ 3 (ಬೆಳಗಾವಿಯಿಂದ)

ಸಾಹೇಬರೇ, ದಯವಿಟ್ಟು ಸ್ವಲ್ಪ ತಡೆಯಿರಿ. ಬ್ರೆಂಬೊ ಕಂಪನಿಯ ಬ್ರೇಕುಗಳು ಮತ್ತು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಂದದ್ದು 2013ರ ಮಾದರಿಯಿಂದ. ಕಾಲು ಟನ್ನಿಗಿಂತ ಭಾರವಾದ ಈ ಬೈಕನ್ನು ಕಬ್ಬಿನ ಟ್ರ್ಯಾಕ್ಟರುಗಳು ಏಕಾಏಕಿ ಅಡ್ಡ ಬರುವ ನಮ್ಮ ಹೆದ್ದಾರಿಗಳಲ್ಲಿ ಎಬಿಎಸ್ ಇಲ್ಲದೆ ಓಡಿಸುವುದನ್ನು ನಾನು ಯಾರಿಗೂ ಸೂಚಿಸಲಾರೆ. ಬೆಲೆ ಸ್ವಲ್ಪ ಹೆಚ್ಚಾದರೂ 2013ರ ನಂತರದ್ದನ್ನೇ ಹುಡುಕಿ. ಸಿಕ್ಕಾಗ ಎಂಜಿನ್ ಸದ್ದು ಕೇಳುವುದಕ್ಕೆ ಮೊದಲು ಟೈರಿನ ಮೇಲೆ ಅಚ್ಚಾಗಿರುವ ತಯಾರಿಕೆಯ ವಾರ ಮತ್ತು ವರ್ಷವನ್ನು ಓದಿ; ಇಂಥ ಬೈಕುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಹೀಗಾಗಿ ಟೈರಿನ ಹೊರಮೈ ಸವೆಯದಿದ್ದರೂ ರಬ್ಬರು ಹಳತಾಗಿ ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ.