ಸ್ಪೀಕರ್‌ನಲ್ಲಿ ಗುಂಯ್ ಸದ್ದು, ಸಂಜೆಗೆ ಇಳಿಯುವ ವೋಲ್ಟೇಜ್: ನಮ್ಮ ಕಡೆಯ ಮನೆಗಳಲ್ಲಿ ಏನು ಮಾಡಿದರೆ ಸರಿಹೋಗುತ್ತದೆ?

ಮೂಡಿಗೆರೆ ಕಡೆಯವರೊಬ್ಬರು ಕೇಳಿದ್ದಾರೆ. ಹಳೇ ಹೆಂಚಿನ ಮನೆ. ಹೊಸದಾಗಿ ಸ್ಟೀರಿಯೋ ಆಂಪ್ಲಿಫೈಯರ್, ದೊಡ್ಡ ಸ್ಪೀಕರ್ ಜೋಡಿ, ಟರ್ನ್‌ಟೇಬಲ್ ತಂದಿದ್ದಾರೆ. ಹಾಡು ನಿಂತಾಗ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ. ಸಂಜೆ ವೋಲ್ಟೇಜ್ 185ಕ್ಕೆ ಇಳಿಯುತ್ತದೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಆಂಪ್ಲಿಫೈಯರ್ ಡಬ್ಬವೇ ಗುರ್ ಅನ್ನುತ್ತದೆ. ಅಂಗಡಿಯವರು ನಲವತ್ತು ಸಾವಿರದ ಪವರ್ ಕಂಡಿಷನರ್ ಹಾಕಿಸಿ ಎಂದಿದ್ದಾರಂತೆ. ತಗೊಳ್ಳಬೇಕಾ ಬೇಡವಾ ಅನ್ನುವುದು ಪ್ರಶ್ನೆ.

ಸರ್, ಈಗಲೇ ತಗೋಬೇಡಿ. ನಿಮ್ಮಲ್ಲಿರುವುದು ಮೂರು ತೊಂದರೆ, ಮೂರಕ್ಕೂ ಕಾರಣ ಬೇರೆ ಬೇರೆ. ಸಾಮಾನ್ಯ ಕಂಡಿಷನರ್ ಒಳಗೆ ಇರುವುದು ಒಂದು ಫಿಲ್ಟರ್, ಜೊತೆಗೆ ಸರ್ಜ್, ಅಂದರೆ ಲೈನಿನಲ್ಲಿ ಒಮ್ಮೆಲೇ ನುಗ್ಗುವ ಹೆಚ್ಚು ವೋಲ್ಟೇಜ್, ತಡೆಯುವ ಭಾಗ. ಅದು 185 ವೋಲ್ಟನ್ನು 230 ಮಾಡುವುದಿಲ್ಲ, ಇಲ್ಲದ ಅರ್ಥಿಂಗನ್ನು ತಂದುಕೊಡುವುದೂ ಇಲ್ಲ. ನಾನು ಹಾಸನದವನು. ನಮ್ಮ ಮನೆಯಲ್ಲಿ, ಸಕಲೇಶಪುರ ಬೇಲೂರು ಕಡೆಯ ಸ್ನೇಹಿತರ ಮನೆಗಳಲ್ಲಿ ನೋಡಿದ್ದು, ನಮ್ಮ ಎಲೆಕ್ಟ್ರಿಷಿಯನ್ ಹೇಳಿಕೊಟ್ಟಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಆ ಗುಂಯ್ ಎಲ್ಲಿಂದ ಬರುತ್ತಿದೆ ಅಂತ ಹಿಡಿಯಬೇಕು. ಆಂಪ್ಲಿಫೈಯರ್ ಆಫ್ ಮಾಡಿ, ಹಿಂದಿನ ಎಲ್ಲ ಇನ್‌ಪುಟ್ ಕೇಬಲ್ ಕಿತ್ತು, ಸ್ಪೀಕರ್ ಮಾತ್ರ ಉಳಿಸಿ ಆನ್ ಮಾಡಿ. ಸದ್ದು ನಿಂತಿದ್ದರೆ ಆಂಪ್ಲಿಫೈಯರ್‌ನದ್ದು ತಪ್ಪಿಲ್ಲ. ಆಮೇಲೆ ಒಂದೊಂದೇ ಕೇಬಲ್ ಹಾಕುತ್ತಾ ಬನ್ನಿ, ಪ್ರತಿ ಸಲವೂ ಆಫ್ ಮಾಡಿಯೇ ಹಾಕಿ. ಯಾವುದು ಹಾಕಿದಾಗ ಗುಂಯ್ ಶುರುವಾಯಿತೋ ಅದೇ ದಾರಿ. ಟರ್ನ್‌ಟೇಬಲ್ ಆಗಿದ್ದರೆ ಅದರ ಹಿಂದೆ ಬರುವ ಸಣ್ಣ ಗ್ರೌಂಡ್ ವೈರನ್ನು ಆಂಪ್ಲಿಫೈಯರ್‌ನ ಸ್ಕ್ರೂಗೆ ಬಿಗಿದಿದ್ದೀರಾ ನೋಡಿ, ತುಂಬಾ ಜನ ಅದನ್ನು ಹಾಗೇ ಬಿಟ್ಟಿರುತ್ತಾರೆ. ಸಕಲೇಶಪುರದ ಸ್ನೇಹಿತನ ಮನೆಯಲ್ಲಿ ಟಿವಿಯಿಂದ ಆಂಪ್ಲಿಫೈಯರ್‌ಗೆ ಬಂದ ಕೇಬಲ್ ಹಾಕಿದ ಕೂಡಲೇ ಸದ್ದು ಬರುತ್ತಿತ್ತು. ಕೇಬಲ್ ಟಿವಿಯ ವೈರಿನ ಹೊರಕವಚ ಹೊರಗೆಲ್ಲೋ ನೆಲಕ್ಕೆ ಸೇರಿರುತ್ತದೆ, ಮನೆಯ ಅರ್ಥಿಂಗ್ ಇನ್ನೊಂದು ಕಡೆ. ಎರಡರ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದರೂ ಆಡಿಯೋ ಕೇಬಲ್ ಮೂಲಕ ಕರೆಂಟ್ ಸುತ್ತುತ್ತದೆ. ಇದೇ ಗ್ರೌಂಡ್ ಲೂಪ್. ಅಲ್ಲಿ ಆಡಿಯೋ ಕೇಬಲ್ ತೆಗೆದು ಆಪ್ಟಿಕಲ್ ಕೇಬಲ್ ಹಾಕಿದ್ದಷ್ಟೇ, ಸದ್ದು ಪೂರ್ತಿ ಹೋಯಿತು. ಬೆಳಕಿನಲ್ಲಿ ಸಿಗ್ನಲ್ ಹೋಗುವುದರಿಂದ ಕರೆಂಟ್ ಸುತ್ತಲು ದಾರಿಯೇ ಇರುವುದಿಲ್ಲ. ಆಪ್ಟಿಕಲ್ ಇಲ್ಲದ ಕಡೆ ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೂ ಎಷ್ಟೋ ಕಡಿಮೆಯಾಗುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಗುಂಯ್ ಹೋಗಲಿ ಅಂತ ಪ್ಲಗ್‌ನ ದಪ್ಪ ಪಿನ್, ಅಂದರೆ ಅರ್ಥಿಂಗಿನ ಪಿನ್, ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಸದ್ದೇನೋ ಹೋಗಬಹುದು, ಆದರೆ ಒಳಗೆ ಏನಾದರೂ ಶಾರ್ಟ್ ಆದರೆ ಲೋಹದ ಡಬ್ಬಕ್ಕೆ 230 ವೋಲ್ಟ್ ಬರುತ್ತದೆ, ಅದನ್ನು ಮುಟ್ಟುವುದು ನೀವೋ ನಿಮ್ಮ ಮಕ್ಕಳೋ. ಎರಡೇ ಪಿನ್ ಇರುವ ಉಪಕರಣದ ಹಿಂದೆ ಚೌಕದೊಳಗೆ ಚೌಕದ ಗುರುತಿದ್ದರೆ ಅದಕ್ಕೆ ಅರ್ಥಿಂಗ್ ಬೇಕಿಲ್ಲ, ಅದರ ವಿಷಯ ಬೇರೆ.

ಇನ್ನು ಅರ್ಥಿಂಗ್. ನನ್ನ ಲೆಕ್ಕದಲ್ಲಿ ಹಣ ಮೊದಲು ಹೋಗಬೇಕಾದದ್ದು ಇಲ್ಲಿಗೆ. ಹಳೇ ಹೆಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎರಡೇ ವೈರು ಓಡಿರುತ್ತವೆ, ಕರೆಂಟ್ ತರುವ ಫೇಸ್, ವಾಪಸ್ ಒಯ್ಯುವ ನ್ಯೂಟ್ರಲ್. ಆಮೇಲೆ ಯಾರೋ ಮೂರು ತೂತಿನ ಸಾಕೆಟ್ ಹಾಕಿರುತ್ತಾರೆ, ಅರ್ಥಿಂಗಿನದಾದ ಮೇಲಿನ ತೂತಿಗೆ ಏನೂ ಸೇರಿರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಸಾಕೆಟ್ ಒಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರ್ ಹಾಕಿ ಸೇರಿಸಿಬಿಟ್ಟಿರುವುದು. ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದುಹೋದರೆ ಆ ಸಾಕೆಟ್ಟಿಗೆ ಹಾಕಿದ ಲೋಹದ ಡಬ್ಬಗಳೆಲ್ಲ ಶಾಕ್ ಹೊಡೆಯುತ್ತವೆ. ಎಲೆಕ್ಟ್ರಿಷಿಯನ್ ಕರೆಸಿ ಮಲ್ಟಿಮೀಟರಿನಲ್ಲಿ ಮೂರು ಅಳತೆ ತೆಗೆಸಿ: ಫೇಸ್‌ನಿಂದ ನ್ಯೂಟ್ರಲ್, ಫೇಸ್‌ನಿಂದ ಅರ್ಥ್, ನ್ಯೂಟ್ರಲ್‌ನಿಂದ ಅರ್ಥ್. ಮೊದಲಿನ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೂರನೆಯದು ಮನೆಯಲ್ಲಿ ಲೋಡ್ ಇರುವಾಗ ಎರಡು ಮೂರು ವೋಲ್ಟ್ ಒಳಗಿದ್ದರೆ ಚೆನ್ನ. ಸೊನ್ನೆಯೇ ಬಂದರೆ ಖುಷಿಪಡಬೇಡಿ, ಆ ಸಾಕೆಟ್ ಬಿಚ್ಚಿ ತುಂಡು ವೈರ್ ಇದೆಯಾ ನೋಡಿಸಿ.

ಅರ್ಥಿಂಗ್ ಗುಂಡಿ ಹೊಸದಾಗಿ ಮಾಡಿಸುವುದಾದರೆ ಎರಡೂವರೆ ಮೂರು ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, ಸುತ್ತ ಇದ್ದಿಲು ಉಪ್ಪು, ಇದು ಎಲ್ಲರಿಗೂ ಗೊತ್ತಿರುವ ಹಳೇ ಪದ್ಧತಿ, ಈಗಲೂ ಕೆಲಸ ಮಾಡುತ್ತದೆ. ಉಪ್ಪು ಪೈಪನ್ನು ತಿನ್ನುತ್ತದೆ ಅಂತ ಈಗ ಬೆಂಟೋನೈಟ್ ಮಣ್ಣಿನ ಪುಡಿ ಹಾಕುವವರೂ ಇದ್ದಾರೆ. ನಿಮ್ಮ ಮಲೆನಾಡಿನ ಮಣ್ಣಿನಲ್ಲಿ ಮಳೆಗಾಲ ಪೂರ್ತಿ ತೇವ ಇರುತ್ತದೆ, ಚಿಂತೆಯಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಒಣಗುತ್ತದೆ, ಆಗ ಗುಂಡಿಗೆ ನೀರು ಹಾಕಲೇಬೇಕು. ನಮ್ಮ ಹಾಸನದ ಕಡೆ ಸ್ವಲ್ಪ ಅಗೆದರೆ ಬಂಡೆ ಸಿಗುವ ಜಾಗಗಳಿವೆ. ಅಲ್ಲಿ ಒಂದು ಗುಂಡಿ ಸಾಲದು, ದೂರ ದೂರ ಎರಡು ಮಾಡಿ ಒಟ್ಟಿಗೆ ಸೇರಿಸಬೇಕಾಗುತ್ತದೆ. ಆಡಿಯೋಗೆ ಅಂತ ಬೇರೆಯೇ ಅರ್ಥಿಂಗ್ ಮಾಡಿ ಅದನ್ನು ಮನೆಯದಕ್ಕೆ ಸೇರಿಸದೆ ಬಿಡುವುದು ಮಾತ್ರ ಬೇಡ. ಸಿಡಿಲು ಹತ್ತಿರದಲ್ಲಿ ಬಿದ್ದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಆಗಬಹುದು, ಅದು ನಿಮ್ಮ ಆಂಪ್ಲಿಫೈಯರ್ ಮೂಲಕವೇ ಹಾದುಹೋಗುತ್ತದೆ.

ವೋಲ್ಟೇಜ್ ವಿಷಯ. 185 ಅಂತ ಎಲ್ಲಿ ಅಳೆದಿರಿ? ಸಾಕೆಟ್ಟಿನಲ್ಲಾ, ಮೀಟರ್ ಹತ್ತಿರವಾ? ಸಂಜೆ ಗೀಸರ್ ಹಾಕಿ ಎರಡೂ ಕಡೆ ಅಳೆಸಿ. ಮೀಟರ್ ಹತ್ತಿರ 215, ಸಾಕೆಟ್ಟಿನಲ್ಲಿ 185 ಅಂದರೆ ಮನೆಯೊಳಗೇ ಎಲ್ಲೋ ಜಾಯಿಂಟ್ ಸಡಿಲ ಇದೆ ಅಥವಾ ವೈರ್ ತೀರಾ ಸಣ್ಣದು. ಸಡಿಲ ಜಾಯಿಂಟ್ ಅಂದರೆ ಬೆಂಕಿಗೂ ದಾರಿ, ಆದ್ದರಿಂದ ಹಾಡಿನ ಯೋಚನೆ ಬಿಟ್ಟು ಮೊದಲು ಅದನ್ನು ಸರಿಮಾಡಿಸಿ. ನಿಮ್ಮ ಕಡೆ ತೇವಕ್ಕೆ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ, ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಕೆರೆದು ಬಿಗಿಸಬೇಕು. ಆಡಿಯೋಗೆ ಡಿಬಿಯಿಂದಲೇ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ಬೇರೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿದರೆ ಒಳ್ಳೆಯದು. ಡಿಬಿಯಿಂದ 15 ಮೀಟರ್ ದೂರ, 10 ಆಂಪಿಯರ್ ಲೋಡ್ ಅಂದುಕೊಂಡರೆ 2.5 ವೈರಿನಲ್ಲಿ ಎರಡು ವೋಲ್ಟ್ ಚಿಲ್ಲರೆ ಹೋಗುತ್ತದೆ, 4ರಲ್ಲಿ ಒಂದೂವರೆಗಿಂತ ಕಡಿಮೆ. ವೋಲ್ಟೇಜಿನ ವ್ಯತ್ಯಾಸ ಸಣ್ಣದೇ. ಬೇರೆ ಲೈನಿನ ನಿಜವಾದ ಲಾಭ ಅಂದರೆ ಫ್ರಿಜ್ಜು, ಮಿಕ್ಸಿಗಳ ಜೊತೆ ಒಂದೇ ಜಾಯಿಂಟ್ ಹಂಚಿಕೊಳ್ಳಬೇಕಾಗಿಲ್ಲ.

ಮೀಟರ್ ಹತ್ತಿರವೂ 185 ಇದ್ದರೆ ಅದು ಲೈನಿನ ಸಮಸ್ಯೆ. ಟಿಸಿಯಿಂದ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್‌ನಿಂದ, ದೂರದ ತೋಟದ ಮನೆಗಳಿಗೆ ಇದು ಜಾಸ್ತಿ. ಕಾಫಿ ಕೊಯ್ಲಿನ ಸಮಯದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೋಟಾರ್‌ಗಳು, ಕಾಫಿ ಹೂವಿಗೆ ನೀರು ಕೊಡುವಾಗ ಪಂಪ್‌ಗಳು, ಎಲ್ಲ ಒಂದೇ ಲೈನಿನ ಮೇಲೆ ಇರುತ್ತವೆ. ಗಂಟೆ ಗಂಟೆಗೆ ಎಷ್ಟು ವೋಲ್ಟ್ ಅಂತ ಒಂದು ವಾರ ಬರೆದಿಟ್ಟು ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ, ಕರೆಂಟಿನ ದೂರು ಹೇಳುವ 1912ಕ್ಕೂ ಫೋನ್ ಮಾಡಿ. ಅಳತೆ ಜೊತೆಗಿದ್ದರೆ ಅರ್ಜಿಗೆ ತೂಕ ಬರುತ್ತದೆ. ಲೈಟು ಒಮ್ಮೆ ಮಂಕಾಗಿ ಒಮ್ಮೆ ಪ್ರಕಾಶ ಜಾಸ್ತಿಯಾಗುತ್ತಿದ್ದರೆ ಕಾಯಬೇಡಿ, ಎಲ್ಲ ಪ್ಲಗ್ ಕಿತ್ತು ಲೈನ್‌ಮನ್‌ಗೆ ಹೇಳಿ. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದರೆ ಒಂದು ಫೇಸಿಗೆ 350 ವೋಲ್ಟ್ ದಾಟಿ ಹೋಗಬಹುದು.

ಅಲ್ಲಿಯವರೆಗೆ ಸ್ಟೆಬಿಲೈಜರ್ ಬೇಕಾ? ಆಂಪ್ಲಿಫೈಯರ್ ಹಿಂಬದಿಯ ಚೀಟಿ ಓದಿ. 100-240 ವೋಲ್ಟ್ ಅಂತಿದ್ದರೆ ಒಳಗೆ ಎಸ್‌ಎಂಪಿಎಸ್ (ವೋಲ್ಟೇಜ್ ಏರಿಳಿದರೂ ತಾನೇ ಹೊಂದಿಸಿಕೊಳ್ಳುವ ಪವರ್ ಸಪ್ಲೈ) ಇದೆ, 185ಕ್ಕೆ ಅದು ತಲೆಕೆಡಿಸಿಕೊಳ್ಳುವುದಿಲ್ಲ. ಬರೀ 230 ಅಂತಿದ್ದು, ಎತ್ತಿದರೆ ಭಾರವಾಗಿದ್ದರೆ ಅದು ಟ್ರಾನ್ಸ್‌ಫಾರ್ಮರ್‌ನದ್ದು. ಅಲ್ಲಿ ಪವರ್ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಇಳಿಯುತ್ತದೆ. 100 ವ್ಯಾಟ್ ಕೊಡುವ ಆಂಪ್ಲಿಫೈಯರ್ 185 ವೋಲ್ಟಿಗೆ ಸುಮಾರು 65 ವ್ಯಾಟಿಗೆ ಬರುತ್ತದೆ. ಮೆಲ್ಲಗೆ ಕೇಳುವಾಗ ಗೊತ್ತಾಗುವುದಿಲ್ಲ, ಜೋರು ಇಟ್ಟಾಗ ಡೋಲು ತವಿಲಿನ ಪೆಟ್ಟು ಒಡೆದಂತೆ ಕೇಳುತ್ತದೆ. ಇದಕ್ಕೆ ಸರ್ವೋ ಸ್ಟೆಬಿಲೈಜರ್ (ಒಳಗಿನ ಮೋಟಾರ್ ವೋಲ್ಟೇಜನ್ನು ನುಣುಪಾಗಿ ಸರಿಹೊಂದಿಸುವಂಥದ್ದು) ಹಾಕಿ, ಮನೆಯ ಸ್ಟೀರಿಯೋಗೆ 1 ಕೆವಿಎ ಸಾಮಾನ್ಯವಾಗಿ ಸಾಕು. ಫ್ರಿಜ್ಜಿಗೆ ಹಾಕುವ ರಿಲೇ ಸ್ಟೆಬಿಲೈಜರ್ ಮೆಟ್ಟಿಲು ಹತ್ತಿದಂತೆ ಟಕ್ ಟಕ್ ಅಂತ ಬದಲಾಗುತ್ತದೆ, ಆ ಟಕ್ ಸ್ಪೀಕರಿನಲ್ಲೂ ಕೇಳಬಹುದು. ಸರ್ವೋದಲ್ಲಿ ಕಾರ್ಬನ್ ಬ್ರಷ್ ಇರುತ್ತದೆ, ಆಗಾಗ ಧೂಳು ತೆಗೆಸಬೇಕು.

ಯುಪಿಎಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಿಮ್ಮದು ಸ್ಕ್ವೇರ್ ವೇವ್, ಅಂದರೆ ಲೈನಿನ ಕರೆಂಟಿನಂತೆ ನುಣುಪಲ್ಲದ ಚೌಕ ಅಲೆ ಕೊಡುವಂಥದ್ದು, ಇರಬೇಕು, ಫ್ಯಾನ್ ಕೂಡ ಗುರ್ ಅನ್ನುತ್ತಿದ್ದರೆ ಖಾತ್ರಿ. ಮುಂದಿನ ಸಲ ಪ್ಯೂರ್ ಸೈನ್ ವೇವ್ ತಗೊಳ್ಳಿ. ಸದ್ಯಕ್ಕೆ ಕರೆಂಟ್ ಇಲ್ಲದಾಗ ಆಂಪ್ಲಿಫೈಯರ್ ಹಾಕಬೇಡಿ.

ಗುಂಯ್ ಅಲ್ಲದೆ ಜಿರ್ ಅನ್ನುವ ಸಣ್ಣ ಸದ್ದು ಇದ್ದರೆ ರೂಮಿನ ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಬಲ್ಬ್ ಒಂದೊಂದೇ ಆರಿಸಿ ನೋಡಿ. ನುಣುಪಾಗಿ ತಿರುಗುವ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸುತ್ತದೆ, ಅದರ ಗಲಾಟೆ ಆಡಿಯೋಗೆ ನುಗ್ಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ತೆಗೆದು ಸ್ಟೆಪ್ ರೆಗ್ಯುಲೇಟರ್ ಹಾಕಿಸಿದ ಮೇಲೆ ಟರ್ನ್‌ಟೇಬಲ್ ಕೇಳುವುದೇ ಬೇರೆ ಸುಖ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ಇನ್ನೊಂದರಲ್ಲಿ ನಾನು ಕಂಡಿಲ್ಲ.

ಕೊನೆಯದು ಸಿಡಿಲು. ಅಶ್ವಿನಿ ಭರಣಿ ಮಳೆಯ ಗುಡುಗು ನಿಮಗೆ ಹೇಳಬೇಕಾಗಿಲ್ಲ. ಡಿಬಿಯಲ್ಲಿ ಟೈಪ್ 2 ಎಸ್‌ಪಿಡಿ (ಸರ್ಜನ್ನು ಅರ್ಥಿಂಗಿಗೆ ಕಳಿಸುವ ಉಪಕರಣ) ಹಾಕಿಸಿ, ಅರ್ಥಿಂಗ್ ಸರಿಯಾದ ಮೇಲೆಯೇ ಹಾಕಿಸಿ, ಇಲ್ಲದಿದ್ದರೆ ಅದು ಸರ್ಜನ್ನು ಎಲ್ಲಿಗೆ ಕಳಿಸಬೇಕು? ಅದರ ಕಿಟಕಿ ಹಸಿರಿನಿಂದ ಕೆಂಪಾದರೆ ಬದಲಿಸಬೇಕು. ಹಾಕಿಸಿದರೂ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳುವುದನ್ನು ಬಿಡಬೇಡಿ. ಡಿಶ್ ಕೇಬಲ್, ಇಂಟರ್ನೆಟ್ ವೈರ್ ಕೂಡ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಇಷ್ಟೆಲ್ಲ ಆದಮೇಲೂ ಸದ್ದು ಉಳಿದಿದ್ದರೆ ಆಗ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಲೈನಿಗೂ ಉಪಕರಣಕ್ಕೂ ನೇರ ವೈರಿನ ಸಂಪರ್ಕ ತಪ್ಪಿಸುವಂಥದ್ದು) ಅಥವಾ ಕಂಡಿಷನರ್ ಮಾತಾಡೋಣ. ಸದ್ಯಕ್ಕೆ ಆ ಮೂರು ಅಳತೆ, ಮೀಟರ್ ಹತ್ತಿರದ ಸಂಜೆಯ ವೋಲ್ಟೇಜ್, ಆಂಪ್ಲಿಫೈಯರ್ ಚೀಟಿಯ ಫೋಟೋ ಇಲ್ಲಿ ಹಾಕಿ. ಮೂಡಿಗೆರೆ, ಕೊಪ್ಪ ಕಡೆ ಕಲ್ಲು ನೆಲದಲ್ಲಿ ಅರ್ಥಿಂಗ್ ಮಾಡಿಸಿದವರು ಯಾರಾದರೂ ಇದ್ದರೆ ಎಷ್ಟು ಆಳ ಹೋದಿರಿ, ಬೇಸಿಗೆಯಲ್ಲಿ ಅರ್ಥಿಂಗಿನ ರೆಸಿಸ್ಟೆನ್ಸ್ ಎಷ್ಟು ಓಮ್ ಬಂತು ಅಂತ ಬರೆಯಿರಿ, ಇವರಿಗೆ ಈಗ ಅದೇ ಬೇಕಿರುವುದು.