'ಸೆಟಲ್‌ಮೆಂಟ್'ಗೆ ಏನು ಬರೆಯಲಿ? ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು

ಸ. ಪಾ., ಪಿಂಪ್ರಿ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಸಹಾಯ ಬೇಕು.

ಪುಣೆ ಹತ್ತಿರದ ಪಿಂಪ್ರಿ, ಭೋಸರಿ, ಚಾಕಣ ಕಡೆ ದುಡಿಯುವ ಕಲಬುರಗಿ, ಯಾದಗಿರಿ, ವಿಜಯಪುರದ ಜನರಿಗಾಗಿ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ರಸ್ತೆ ಅಪಘಾತದಲ್ಲಿ ಗಾಯವಾದರೆ ವಿಮಾ ಕಂಪನಿಯಿಂದ ಪರಿಹಾರ ಪಡೆಯುವುದು ಹೇಗೆ ಅನ್ನುವ ವಿಷಯ. ಇಂಗ್ಲಿಷ್ ಮೂಲ ಒಬ್ಬ ವಕೀಲರದ್ದು. ಮರಾಠಿ ಅನುವಾದ ಆಗಲೇ ಮುಗಿದಿದೆ. ಅವರಿಗೆ 'ತಡಜೋಡ' ಅಂತ ರೆಡಿ ಪದ ಸಿಕ್ಕಿತು, ಬರೆದು ಕೈತೊಳೆದುಕೊಂಡರು. ನಾನು ಸಿಕ್ಕಿಹಾಕಿಕೊಂಡಿದ್ದೇನೆ.

ಸನ್ನಿವೇಶ ಇಷ್ಟು. ಕಂಪನಿಯ ಅಧಿಕಾರಿ ಇಷ್ಟು ಕೊಡುತ್ತೇವೆ ಅನ್ನುತ್ತಾನೆ. ಗಾಯಾಳು ಒಪ್ಪುತ್ತಾನೆ. ಟ್ರಿಬ್ಯೂನಲ್, ಅಂದರೆ ಅಪಘಾತ ಪರಿಹಾರದ ಕೇಸು ನೋಡುವ ನ್ಯಾಯಮಂಡಳಿ, ಅದನ್ನು ದಾಖಲು ಮಾಡಿಕೊಳ್ಳುತ್ತದೆ. ಅಲ್ಲಿಗೆ ಕೇಸು ಮುಗಿಯಿತು. ಇದಕ್ಕೆ ನಿಘಂಟು 'ಇತ್ಯರ್ಥ' ಅನ್ನುತ್ತದೆ. ನಮ್ಮ ಕಟ್ಟಡದ ವಾಚ್‌ಮನ್ ಯಾದಗಿರಿಯವರು, ಅವರಿಗೆ ಓದಿ ಹೇಳಿದೆ. 'ಮೇಡಂ, ಇದು ಆದ ಮ್ಯಾಲೆ ರೊಕ್ಕ ಬರ್ತದೋ, ಬರೂದಿಲ್ಲೋ?' ಅಂದರು. 'ರಾಜಿ' ಅಂತ ಹಾಕಿ ನೋಡಿದೆ. ಹಾಗಾದರೆ ಪೊಲೀಸ್ ಕೇಸು ವಾಪಸ್ ತೆಗೆದುಕೊಳ್ಳಬೇಕಾ ಅಂತ ಕೇಳಿದರು. ಪೊಲೀಸ್ ಕೇಸು ಬೇರೆ, ಇದು ಬೇರೆ.

ಇನ್ನೊಂದು, 'ಫುಲ್ ಅಂಡ್ ಫೈನಲ್'. ನನಗೆ 'ಪೂರ್ತಿ ಚುಕ್ತಾ' ಹೊಳೆಯಿತು. ನಡೆಯುತ್ತದಾ?

ಕೊನೆಯದು ಒಂದು ಇಡೀ ವಾಕ್ಯ. ಕಂಪನಿ ಜೊತೆ ಮಾತುಕತೆ ನಡೆಯುತ್ತಿದ್ದರೂ ಗಡಿಯಾರ ಓಡುತ್ತಲೇ ಇರುತ್ತದೆ ಅಂತ ಮೂಲದಲ್ಲಿದೆ. ಅಂದರೆ ಕ್ಲೇಮ್ ಹಾಕುವ ಕಾಲಮಿತಿ ನಿಲ್ಲುವುದಿಲ್ಲ ಅಂತ. ಹಾಗೇ ಬರೆದರೆ ಕನ್ನಡ ಆಗುವುದಿಲ್ಲ ಅಂತ ಗೊತ್ತು. ಏನು ಮಾಡಲಿ?

ಕೆ. ಆರ್., ಮಾಟುಂಗ

ಇತ್ಯರ್ಥ. ಕರ್ನಾಟಕದ ಕೋರ್ಟು ಕಚೇರಿಗಳಲ್ಲಿ ಇದೇ ನಡೆದು ಬಂದಿದೆ. ಒಬ್ಬರಿಗೆ ತಿಳಿಯಲಿಲ್ಲ ಅಂತ ಪದ ಬದಲಿಸುತ್ತಾ ಹೋದರೆ ಬರಹದ ಭಾಷೆ ಅಂತ ಒಂದು ಉಳಿಯುವುದಿಲ್ಲ. 'ಚುಕ್ತಾ' ಕಿರಾಣಿ ಅಂಗಡಿಯ ಮಾತು. ಬೇಡ.

ಗು. ಹಿ., ವಾಸ್ಕೊ

ಕೆ.ಆರ್. ಅವರು ಇಷ್ಟು ಧೈರ್ಯವಾಗಿ ಹೇಳಿದ ಪದದ ಒಳಗೆ ಏನಿದೆ ನೋಡೋಣ. ಇತಿ, ಅರ್ಥ. ಸಂಸ್ಕೃತ ಟೀಕೆಗಳಲ್ಲಿ ವಿವರಣೆ ಮುಗಿದ ಮೇಲೆ 'ಇತ್ಯರ್ಥಃ' ಅಂತ ಬರೆಯುತ್ತಾರೆ. 'ಹೀಗೆಂದು ಅರ್ಥ', ಅಷ್ಟೇ. ಅಲ್ಲಿ ವ್ಯಾಜ್ಯವೂ ಇಲ್ಲ, ದುಡ್ಡೂ ಇಲ್ಲ. ಟೀಕಾಕಾರರ ಷರಾ ನಮ್ಮ ಕಚೇರಿಗಳಿಗೆ ಬಂದು ಫೈಲು ಮುಚ್ಚುವ ಪದವಾಗಿ ಕೂತಿದೆ. ಅದನ್ನು ಗಾರೆ ಕೆಲಸದವರ ಮೇಲೆ ಯಾಕೆ ಹೇರಬೇಕು?

ನಮ್ಮದೇ 'ತೀರು' ಇದೆ. ಸಾಲ ತೀರುತ್ತದೆ, ಜಗಳ ತೀರುತ್ತದೆ, ತೀರ್ಪು ಬರುತ್ತದೆ. ಆದ್ದರಿಂದ ತೀರುವಳಿ. ಬ್ಯಾಂಕಿನವರು ಆಗಲೇ ಬಳಸುತ್ತಿದ್ದಾರೆ. ಕಾಲಮಿತಿ, ಅವಧಿ ಎರಡೂ ಬಿಡಿ, ಗಡುವು ಅನ್ನಿ. ತೆಲುಗಿನಲ್ಲೂ ಗಡುವು, ತಮಿಳಿನಲ್ಲಿ ಕೆಡು. ಮನೆಯ ಪದ.

ಹಾಗೇ 'ಗಾಯ' ಕೂಡ ಸಂಸ್ಕೃತ 'ಘಾತ'ದ ತದ್ಭವ ಅನ್ನುವುದು ನೆನಪಿರಲಿ. ನಮ್ಮದು ಪುಣ್, ಈಗಿನ ಹುಣ್ಣು. ಕರಪತ್ರ ಹೊಸದಾಗಿ ಬರೆಯುತ್ತಿರುವಾಗ ಸರಿಯಾದ್ದನ್ನೇ ಹಾಕಬಹುದಲ್ವಾ?

ಬ. ಶಿ., ಶಿವಾಜಿನಗರ, ಪುಣೆ

ನಾನು ಇಲ್ಲಿನ ಕೋರ್ಟಿನಲ್ಲಿ ಅಪಘಾತದ ಕ್ಲೇಮುಗಳನ್ನೇ ನೋಡುವ ವಕೀಲರ ಹತ್ತಿರ ಗುಮಾಸ್ತ. ನಮ್ಮ ಹತ್ತಿರ ಬರುವವರಲ್ಲಿ ಕನ್ನಡದವರು ಜಾಸ್ತಿ.

ಮೊದಲು ಹುಣ್ಣಿನ ವಿಷಯ. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ತಪ್ಪು ಯಾರದ್ದು ಅಂತ ಸಾಬೀತು ಮಾಡದೆಯೇ ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಕೇಳಬಹುದು. ಇದನ್ನು 'ತೀವ್ರ ಹುಣ್ಣಿಗೆ ಎರಡೂವರೆ ಲಕ್ಷ' ಅಂತ ಬರೆದು ಹಂಚಿದರೆ ಬಾಯಿಹುಣ್ಣು ಆದವರೆಲ್ಲ ನಮ್ಮ ಬಾಗಿಲಿಗೆ ಬರುತ್ತಾರೆ.

ತೀರುವಳಿ ಕೂಡ ಬೇಡ. ಆಸ್ಪತ್ರೆಯಲ್ಲಿ ಮಲಗಿರುವವನ ಕೈಗೆ 'ತೀರಿಸಿಕೊಳ್ಳಿ' ಅಂತ ಚೀಟಿ ಕೊಟ್ಟರೆ ಅವನ ಹೆಂಡತಿ ಏನೆಂದು ಓದಿಕೊಳ್ಳಬೇಕು?

ಜನ ಆಡುವುದು ಹೀಗೆ: 'ಕ್ಲೇಮ್ ಹಾಕೀವಿ', 'ಕಂಪನಿಯವರು ಇಷ್ಟು ಅಂದರು, ಒಪ್ಪಿ ಮುಗಿಸಿದ್ವಿ'. ನಾಮಪದ ಹುಡುಕುವುದು ಬಿಟ್ಟು 'ಒಪ್ಪಿ ಮುಗಿಸುವುದು' ಅಂತ ಬರೆಯಿರಿ. 'ರಾಜಿ' ಬಗ್ಗೆ ನಿಮ್ಮ ವಾಚ್‌ಮನ್ ಕೇಳಿದ್ದು ಸರಿಯಾಗಿದೆ. ಎಷ್ಟೋ ಜನ ಲಾರಿ ಮಾಲೀಕ ಕೊಟ್ಟ ಪುಡಿಗಾಸು ತೆಗೆದುಕೊಂಡು 'ರಾಜಿ ಆಯ್ತು' ಅಂತ ಸುಮ್ನೆ ಕೂತುಬಿಡುತ್ತಾರೆ. ಕಂಪನಿಗೆ ಕ್ಲೇಮ್ ಹಾಕುವುದೇ ಇಲ್ಲ.

ಚುಕ್ತಾ ಇರಲಿ. ಯಾಕೆ ಅಂದರೆ ಮೂಲದಲ್ಲಿ 'ಡಿಸ್‌ಚಾರ್ಜ್ ವೋಚರ್', ಅಂದರೆ ದುಡ್ಡು ಪೂರ್ತಿ ಬಂತು, ಇನ್ನೇನೂ ಬಾಕಿ ಇಲ್ಲ ಅಂತ ಬರೆದುಕೊಡುವ ಕಾಗದ, ಇದ್ದೇ ಇರುತ್ತದೆ. ಅದನ್ನು ನೀವು ಡಿಸ್‌ಚಾರ್ಜ್ ಚೀಟಿ ಅಂತ ಮಾಡಿದರೆ ಆಸ್ಪತ್ರೆಯಿಂದ ಮನೆಗೆ ಕಳಿಸುವ ಕಾಗದ ಅಂದುಕೊಂಡು ಸಹಿ ಹಾಕುತ್ತಾರೆ. 'ಪೂರ್ತಿ ಚುಕ್ತಾ ರಸೀದಿ' ಅನ್ನಿ. ಇದಕ್ಕೆ ಸಹಿ ಹಾಕಿದ ಮೇಲೆ ಮುಂದೆ ಆಪರೇಷನ್ ಬಂದರೂ ಮತ್ತೆ ಕೇಳುವುದು ಕಷ್ಟ ಅಂತ ಪಕ್ಕದಲ್ಲೇ ಬರೆಯಿರಿ. ಲೋಕ ಅದಾಲತ್‌ನಲ್ಲಿ ಒಪ್ಪಿ ಮುಗಿಸಿದರೆ ಅಪೀಲು ಇಲ್ಲ ಅನ್ನುವುದನ್ನೂ ಸೇರಿಸಿ.

ಗಡುವಿನದೇ ದೊಡ್ಡ ಗೋಳು. 1988ರ ಕಾಯ್ದೆಯಲ್ಲಿ ಆರು ತಿಂಗಳ ಮಿತಿ ಇತ್ತು, ಅಪಘಾತವಾಗಿ ಒಂದು ವರ್ಷದೊಳಗೆ ಬಂದು ಕಾರಣ ಕೊಟ್ಟರೆ ತಡ ಮನ್ನಿಸುತ್ತಿದ್ದರು. 1994ರಲ್ಲಿ ಮಿತಿಯನ್ನೇ ತೆಗೆದರು. 2019ರ ತಿದ್ದುಪಡಿಯಲ್ಲಿ ಆರು ತಿಂಗಳು ವಾಪಸ್ ಬಂತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಆದರೆ ಊರಿನ ಹಳಬರು ಇನ್ನೂ 'ಕ್ಲೇಮಿಗೆ ಮುದ್ದತು ಇಲ್ಲ, ನಿಧಾನಕ್ಕೆ ಹಾಕು' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಾಲಕ್ಕೆ ಅದು ನಿಜವೇ. ಈ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ. ಅದನ್ನು ನಂಬಿಕೊಂಡು ಯಾರೂ ಕೂರಬಾರದು.

ಅದಕ್ಕೇ ನನ್ನ ಓಟು 'ಮುದ್ದತು'ಗೆ. ತಪ್ಪು ತಿಳಿವಳಿಕೆ ಯಾವ ಪದದಲ್ಲಿ ಹರಡಿದೆಯೋ ಅದೇ ಪದದಲ್ಲಿ ತಿದ್ದಬೇಕು. 'ವಾಯಿದೆ' ಮಾತ್ರ ಬೇಡ. ವಾಯಿದೆ ಮುಂದಕ್ಕೆ ಹೋಗುತ್ತದೆ ಅಂತ ಕೋರ್ಟು ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು.

ಕೆ. ಆರ್., ಮಾಟುಂಗ

ಮುದ್ದತು ಅರಬಿ. ಚುಕ್ತಾ ಮರಾಠಿ ಹಿಂದಿ. ಕ್ಲೇಮ್ ಇಂಗ್ಲಿಷ್. ಒಂದು ಪುಟದಲ್ಲಿ ಕನ್ನಡ ಎಲ್ಲಿದೆ?

ಲೀ. ನಾ., ಡೊಂಬಿವಲಿ

ಕೆ.ಆರ್. ಸರ್, 'ವಿಮೆ' ಎಲ್ಲಿಂದ ಬಂತು? ಪಾರ್ಸಿಯ ಬೀಮಾ, ಮರಾಠಿಯ ವಿಮಾ ಆಗಿ ನಮ್ಮಲ್ಲಿ ವಿಮೆ ಆಯಿತು. ಅರ್ಜಿ, ವಕೀಲ, ದಾವೆ, ರಾಜಿ, ತಕರಾರು, ಎಲ್ಲವೂ ಅರಬಿ ಮೂಲದವು. ಇವನ್ನೆಲ್ಲ ತೆಗೆದರೆ ಕೋರ್ಟಿನಲ್ಲಿ ಬಾಯಿ ಬಿಡುವ ಹಾಗಿಲ್ಲ. ನೂರಾರು ವರ್ಷದ ಹಿಂದೆ ಬಂದವು ಮನೆಯವರು, ನಿನ್ನೆ ಬಂದ 'ಕ್ಲೇಮ್' ಮಾತ್ರ ಹೊರಗಿನವನು ಅನ್ನುವುದು ಯಾವ ನ್ಯಾಯ? ಮುಂಬೈ, ಪುಣೆಯಲ್ಲಿ ಬದುಕುವ ಕನ್ನಡದವರ ಬಾಯಲ್ಲಿ ಮರಾಠಿ ಬಂದೇ ಬರುತ್ತದೆ. ಅವರ ಕನ್ನಡವೂ ಕನ್ನಡವೇ.

ಕೆ. ಆರ್., ಮಾಟುಂಗ

ಬಳಕೆಯಲ್ಲಿ ನೆಲೆ ನಿಂತದ್ದು ಬೇರೆ, ಸೋಮಾರಿತನದಿಂದ ಎತ್ತಿಕೊಂಡದ್ದು ಬೇರೆ. ಈ ವ್ಯತ್ಯಾಸ ತಿಳಿಯದವರ ಜೊತೆ ವಾದವಿಲ್ಲ.

ಗು. ಹಿ., ವಾಸ್ಕೊ

ಇತ್ಯರ್ಥದ ಬಗ್ಗೆ ಉತ್ತರ ಬಂದಿಲ್ಲ. ವಿಮೆಗೂ ನಮ್ಮದೇ ಪದ ಕಟ್ಟಬಹುದು, 'ನಷ್ಟಕಾಪು'.

ಲೀ. ನಾ., ಡೊಂಬಿವಲಿ

'ನಷ್ಟ' ಸಂಸ್ಕೃತ.

ಸ. ಪಾ., ಪಿಂಪ್ರಿ

ದಯವಿಟ್ಟು ಜಗಳ ಬೇರೆ ಎಳೆಯಲ್ಲಿ ಮುಂದುವರಿಸಿ. ಬ.ಶಿ. ಅವರೇ, ಒಂದು ಅನುಮಾನ. ಗಾಯಾಳು ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದರೆ? ಮತ್ತೆ ಕಂಪನಿ ಮೊತ್ತ ಹೇಳುವುದಕ್ಕೂ ದಿನಗಳ ಲೆಕ್ಕ ಇದೆಯಲ್ವಾ? ಅಲ್ಲಿ ಬೇರೆ ಪದ ಬೇಕಾಗುತ್ತದಾ?

ಬ. ಶಿ., ಶಿವಾಜಿನಗರ, ಪುಣೆ

ಅಪಘಾತ ಚಾಕಣದಲ್ಲಿ ಆಗಿದ್ದರೂ ಗಾಯಾಳು ವಾಸ ಇರುವ ಊರಿನ ಟ್ರಿಬ್ಯೂನಲ್‌ನಲ್ಲಿ ಕ್ಲೇಮ್ ಹಾಕಬಹುದು. ಕಲಬುರಗಿಯಲ್ಲೂ ನಡೆಯುತ್ತದೆ. ಇದನ್ನು ಖಂಡಿತ ಬರೆಯಿರಿ. ಊರಿಗೆ ಹೋದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ.

149ನೇ ಸೆಕ್ಷನ್ ಪ್ರಕಾರ ಕಂಪನಿಯ ಅಧಿಕಾರಿ ಮೂವತ್ತು ದಿನದಲ್ಲಿ ಮೊತ್ತವನ್ನು ಟ್ರಿಬ್ಯೂನಲ್ ಮುಂದೆ ಇಡಬಹುದು. ಒಪ್ಪಿದರೆ, ಆ ಒಪ್ಪಿಗೆಯ ದಾಖಲೆ ಕೈಸೇರಿದ ಮೂವತ್ತು ದಿನದೊಳಗೆ ಕಂಪನಿ ದುಡ್ಡು ಕೊಡಬೇಕು. ಒಪ್ಪದಿದ್ದರೆ ವಿಚಾರಣೆ. ಈ ಎರಡು ಕಡೆ 'ಮೂವತ್ತು ದಿನದೊಳಗೆ' ಅಂದರೆ ಸಾಕು. ಮುದ್ದತು ಪದವನ್ನು ಆರು ತಿಂಗಳಿಗೆ ಮಾತ್ರ ಇಟ್ಟುಕೊಳ್ಳಿ, ಕಲಸಬೇಡಿ. ಒಪ್ಪುವುದು ಗಾಯಾಳುವಿನ ಇಷ್ಟ ಅಂತ ಸ್ಪಷ್ಟವಾಗಿರಲಿ. 'ಆಫರ್'ಗೆ 'ಆದೇಶ'ದ ವಾಸನೆ ಬರುವ ಪದ ಹಾಕಬೇಡಿ. 'ಕಂಪನಿ ಹೇಳಿದ ಮೊತ್ತ' ಸಾಕು.

ಸ. ಪಾ., ಪಿಂಪ್ರಿ

ಪ್ರಿಂಟಿಗೆ ಹೋಗುತ್ತಿರುವ ಭಾಗ ಇದು:

'ಅಪಘಾತವಾದ ದಿನದಿಂದ ಆರು ತಿಂಗಳ ಒಳಗೆ ಟ್ರಿಬ್ಯೂನಲ್‌ನಲ್ಲಿ ಕ್ಲೇಮ್ ಹಾಕಿ. ಮೊದಲು ಮುದ್ದತು ಇರಲಿಲ್ಲ, ಈಗ ಇದೆ. ವಿಮಾ ಕಂಪನಿಯವರು ಮಾತಾಡುತ್ತಿದ್ದಾರೆ ಅಂತ ಮುದ್ದತು ಮುಂದಕ್ಕೆ ಹೋಗುವುದಿಲ್ಲ. ಮಾತು ಮಾತಿನ ಪಾಡಿಗೆ ನಡೆಯಲಿ, ನೀವು ಕ್ಲೇಮ್ ಹಾಕಿಡಿ. ಇಲ್ಲಿ ಹಾಕಬಹುದು, ನಿಮ್ಮ ಊರಿನಲ್ಲೂ ಹಾಕಬಹುದು. ಕಂಪನಿ ಹೇಳಿದ ಮೊತ್ತ ಸರಿ ಅನ್ನಿಸಿದರೆ ಒಪ್ಪಿ ಮುಗಿಸಬಹುದು. ಸರಿ ಅನ್ನಿಸದಿದ್ದರೆ ಒಪ್ಪಬೇಡಿ, ವಿಚಾರಣೆ ನಡೆಯುತ್ತದೆ. ಪೂರ್ತಿ ಚುಕ್ತಾ ರಸೀದಿ ಆಸ್ಪತ್ರೆಯ ಕಾಗದ ಅಲ್ಲ. ಓದಿಸಿ ಕೇಳದೆ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಡಿ.'

ವಾಚ್‌ಮನ್‌ಗೆ ಓದಿದೆ. ಈ ಸಲ ಪದದ ಬಗ್ಗೆ ಏನೂ ಕೇಳಲಿಲ್ಲ. ತಮ್ಮ ಭಾವ ಬೈಕಿನಿಂದ ಬಿದ್ದು ಎಷ್ಟು ತಿಂಗಳಾಯಿತು ಅಂತ ಬೆರಳು ಎಣಿಸಿದರು. ಬ.ಶಿ. ಅವರೇ, ನಿಮ್ಮ ಆಫೀಸು ಎಷ್ಟು ಗಂಟೆಗೆ ತೆರೆಯುತ್ತದೆ?

ಕೆ. ಆರ್., ಮಾಟುಂಗ

ಚುಕ್ತಾ ಉಳಿಸಿಕೊಂಡದ್ದು ನೋಡಿದೆ. ಸಲಹೆ ಕೊಟ್ಟವರ ಪಟ್ಟಿಯಲ್ಲಿ ನನ್ನ ಹೆಸರು ಬೇಡ.